ನೆರೆಹೊರೆಯ ಧರ್ಮ: ಮಹಾನಗರವೂ ಉಪನಗರವೂ

ಮನುಷ್ಯನು ಬಂಧುಗಳನ್ನು ಆರಿಸಿಕೊಳ್ಳಲಾರನು, ಮಿತ್ರರನ್ನು ಆರಿಸಿಕೊಳ್ಳಬಲ್ಲನು. ಈ ಎರಡರ ನಡುವೆ ನಿಲ್ಲತಕ್ಕವನು ನೆರೆಯವನು. ಅವನೊಡನೆ ರಕ್ತಸಂಬಂಧವಿರುವುದಿಲ್ಲ, ಮನಸ್ಸಿನ ಸಂಬಂಧವೂ ಇರಬೇಕೆಂದಿಲ್ಲ. ಆದರೂ ಮನೆಗೆ ಬೆಂಕಿ ಬಿದ್ದ ರಾತ್ರಿ ಮೊದಲು ಓಡಿಬರತಕ್ಕವನು ಅವನೇ. ಆದುದರಿಂದ ಒಂದು ಸಮಾಜದ ಅಹಿಂಸೆ ಎಷ್ಟು ಆಳವಾದುದೆಂಬುದು ಪ್ರವಚನ ಮಂಟಪದಲ್ಲಿ ತಿಳಿಯುವುದಕ್ಕಿಂತ ಸ್ಪಷ್ಟವಾಗಿ ಪಕ್ಕದ ಮನೆ ಖಾಲಿಯಾದ ದಿನ ತಿಳಿಯುತ್ತದೆ. ಆ ಮನೆಗೆ ಯಾರು ಬರಬಹುದು, ಯಾರು ಬರಬಾರದು? ಅದನ್ನು ನಿರ್ಧರಿಸುವ ಅಧಿಕಾರ ಯಾರದು? ತನ್ನವರ ನಡುವೆ ಬಾಳಬೇಕೆಂಬ ಬಯಕೆ ಎಲ್ಲಿಯವರೆಗೆ ಸಹಜವಾದುದು, ಎಲ್ಲಿಂದ ಮುಂದೆ ಅದು ಪರಪೀಡೆಯಾಗುತ್ತದೆ? ಈ ಪ್ರಶ್ನೆಗಳನ್ನು ಅಮೆರಿಕ ದೇಶದ ಮಹಾನಗರಗಳೂ ಅವುಗಳ ಸುತ್ತಣ ಉಪನಗರಗಳೂ ಸುಮಾರು ನೂರು ವರ್ಷಗಳಿಂದ ಎದುರಿಸುತ್ತ ಬಂದಿವೆ. ಅಲ್ಲಿನ ಅನುಭವವು ಧರ್ಮಚಿಂತನೆ ಮಾಡುವವರೆಲ್ಲರಿಗೂ ವಿಚಾರಾರ್ಹವಾಗಿದೆ.

ಮಹಾನಗರವು ಜನರನ್ನು ಬೆರೆಸುತ್ತದೆ, ಸಣ್ಣ ಊರು ಜನರನ್ನು ದೂರವಿಡುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಶಿಕಾಗೋ ನಗರವನ್ನು ನೋಡಿದರೆ ಈ ನಂಬಿಕೆ ಅರ್ಧ ಸತ್ಯವೆಂದು ತಿಳಿಯುತ್ತದೆ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 27 ಲಕ್ಷ. ಅದರಲ್ಲಿ ಬಿಳಿಯರು, ಕಪ್ಪು ಜನಾಂಗದವರು, ಸ್ಪ್ಯಾನಿಷ್ ಭಾಷಾಮೂಲದವರು ಹೆಚ್ಚು ಕಡಿಮೆ ಮೂರನೆಯ ಒಂದೊಂದು ಪಾಲಿನವರು. ಅಂಕಿಸಂಖ್ಯೆಯಲ್ಲಿ ಇದಕ್ಕಿಂತ ಸಮತೋಲನವಾದ ವೈವಿಧ್ಯ ದೊರೆಯುವುದು ದುರ್ಲಭ. ಆದರೆ ಆ ನಗರದ ದಕ್ಷಿಣ ಮತ್ತು ಪಶ್ಚಿಮ ಭಾಗಗಳ ಎಷ್ಟೋ ಬೀದಿಗಳಲ್ಲಿ ಕಪ್ಪು ಜನಾಂಗದವರನ್ನು ಬಿಟ್ಟು ಬೇರೆಯವರಿಲ್ಲ. ಉತ್ತರ ಭಾಗದ ಎಷ್ಟೋ ಬೀದಿಗಳಲ್ಲಿ ಅವರೇ ವಿರಳ. ಹಗಲೆಲ್ಲ ರೈಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರು ಸಂಜೆ ತಂತಮ್ಮ ಬಣ್ಣದ ಬೀದಿಗೆ ಹಿಂದಿರುಗುತ್ತಾರೆ. ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ, ಮೆಂತ್ಯಗಳು ಒಂದೇ ಮುಚ್ಚಳದ ಕೆಳಗೆ ಇರುತ್ತವೆ. ಆದರೆ ಒಂದರ ಬಟ್ಟಲಿನಲ್ಲಿ ಇನ್ನೊಂದು ಇರುವುದಿಲ್ಲ. ವೈವಿಧ್ಯವೆಂಬುದು ಬೇರೆ, ಬೆರೆತು ಬಾಳುವುದೆಂಬುದು ಬೇರೆ. ಮೊದಲನೆಯದನ್ನು ಜನಗಣತಿ ಎಣಿಸಬಲ್ಲುದು. ಎರಡನೆಯದನ್ನು ಮನುಷ್ಯರು ಸಾಧಿಸಬೇಕು.

ಹಾಗಾದರೆ ಉಪನಗರಗಳ ಸ್ಥಿತಿ ಏನು? ಅವು ಆರಂಭದಲ್ಲಿ ಬಿಳಿಯರ ಕೋಟೆಗಳಾಗಿದ್ದವು. ಇದು ತಾನಾಗಿ ಆದುದಲ್ಲ ಎಂಬುದನ್ನು ಮನಗಾಣಬೇಕು. 1933ರಲ್ಲಿ ಸ್ಥಾಪಿತವಾದ ಅಲ್ಲಿನ ಒಂದು ಸರ್ಕಾರಿ ಗೃಹಸಾಲ ಸಂಸ್ಥೆಯು ನಗರಗಳ ನಕ್ಷೆ ಬರೆಸಿ, ಕಪ್ಪು ಜನಾಂಗದವರಿದ್ದ ಪ್ರದೇಶಗಳನ್ನು ಕೆಂಪು ಬಣ್ಣದಿಂದ ಗುರುತಿಸಿ, ಅಪಾಯಕರವೆಂದು ವರ್ಗೀಕರಿಸಿತು. 1934ರಲ್ಲಿ ಆರಂಭವಾದ ವಸತಿ ಆಡಳಿತವು ಗೃಹಸಾಲಗಳಿಗೆ ಸರ್ಕಾರದ ಖಾತರಿಯನ್ನು ಕೊಡತೊಡಗಿದಾಗ, ಮನೆಗಳ ಕ್ರಯಪತ್ರಗಳಲ್ಲಿ ಜನಾಂಗ ನಿರ್ಬಂಧದ ಕರಾರು ಇರುವುದು ಒಳ್ಳೆಯದೆಂದು ತನ್ನ ಕೈಪಿಡಿಯಲ್ಲಿಯೇ ಸೂಚಿಸಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ನ್ಯೂಯಾರ್ಕಿನ ಹೊರವಲಯದಲ್ಲಿ ಲೆವಿಟೌನ್ ಎಂಬ ಬಡಾವಣೆ ಆರಂಭವಾಗಿ ಕೆಲವೇ ವರ್ಷಗಳಲ್ಲಿ 17 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದು ನಿಂತವು. ಯುದ್ಧದಿಂದ ಮರಳಿದ ಸಾಮಾನ್ಯ ಸಿಪಾಯಿಗೂ ಕೈಗೆಟುಕುವ ಮನೆಗಳು ಅವು. ಆದರೆ ಬಿಳಿಯರ ಹೊರತು ಅನ್ಯರು ಅಲ್ಲಿ ವಾಸಿಸಕೂಡದೆಂದೂ, ಮನೆಗೆಲಸದವರಿಗೆ ಮಾತ್ರ ವಿನಾಯಿತಿಯೆಂದೂ ಕರಾರಿನಲ್ಲಿ ಬರೆದಿತ್ತು. ಅದೇ ಯುದ್ಧದಲ್ಲಿ ಅದೇ ಸಮವಸ್ತ್ರ ತೊಟ್ಟಿದ್ದ ಕಪ್ಪು ಸಿಪಾಯಿಯು ಆ ಮನೆಯಲ್ಲಿ ಪಾತ್ರೆ ತೊಳೆಯಬಹುದಾಗಿತ್ತು, ಯಜಮಾನನಾಗಿ ಇರುವಂತಿರಲಿಲ್ಲ.

ಇಂತಹ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1948ರಲ್ಲಿ ತೀರ್ಪು ನೀಡಿತು. ಆದರೆ ಕಾಗದದ ಮೇಲಿನ ಕರಾರು ಬಿದ್ದಮಾತ್ರಕ್ಕೆ ಮನಸ್ಸಿನ ಕರಾರು ಬೀಳಲಿಲ್ಲ. ಶಿಕಾಗೋ ನಗರಕ್ಕೆ ತಾಗಿಯೇ ಇರುವ ಓಕ್ ಪಾರ್ಕ್ ಎಂಬ ಉಪನಗರದಲ್ಲಿ 1950ರಲ್ಲಿ ಪರ್ಸಿ ಜೂಲಿಯನ್ ಎಂಬ ರಸಾಯನ ವಿಜ್ಞಾನಿಯು ಮನೆ ಕೊಂಡನು. ಸೋಯಾ ಅವರೆಯಿಂದ ಔಷಧಗಳಿಗೆ ಬೇಕಾದ ದ್ರವ್ಯಗಳನ್ನು ತೆಗೆಯುವ ವಿಧಾನಗಳನ್ನು ಕಂಡುಹಿಡಿದು ಅಸಂಖ್ಯ ರೋಗಿಗಳಿಗೆ ಉಪಕಾರ ಮಾಡಿದ ಮಹನೀಯನವನು. ಅವನ ಕುಟುಂಬ ಒಳಗೆ ಕಾಲಿಡುವ ಮೊದಲೇ ಆ ಮನೆಗೆ ಬೆಂಕಿ ಹಚ್ಚುವ ಯತ್ನ ನಡೆಯಿತು. ಮರುವರ್ಷ ಸಿಡಿಮದ್ದನ್ನು ಎಸೆಯಲಾಯಿತು. ಅದೇ 1951ರಲ್ಲಿ ಪಕ್ಕದ ಸಿಸೆರೋ ಎಂಬ ಊರಿನಲ್ಲಿ ಒಂದು ಕಪ್ಪು ಕುಟುಂಬವು ಬಾಡಿಗೆಗೆ ಬರಲು ಯತ್ನಿಸಿದುದಕ್ಕೆ ಸಾವಿರಾರು ಜನರ ಗುಂಪು ಕಟ್ಟಡವನ್ನೇ ಹಾಳುಮಾಡಿತು. ರಾಜ್ಯಪಾಲನು ಸೈನಿಕರನ್ನು ಕರೆಸಬೇಕಾಯಿತು. 1957ರ ಆಗಸ್ಟ್ ತಿಂಗಳಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಇನ್ನೊಂದು ಲೆವಿಟೌನ್‌ಗೆ ವಿಲಿಯಂ ಮತ್ತು ಡೇಸಿ ಮೈಯರ್ಸ್ ದಂಪತಿಗಳು ತಮ್ಮ ಪುಟ್ಟ ಮಕ್ಕಳೊಂದಿಗೆ ಬಂದಾಗ ರಾತ್ರಿ ರಾತ್ರಿಯೂ ಜನ ನೆರೆದರು, ಕಲ್ಲುಗಳು ಕಿಟಕಿಯ ಗಾಜುಗಳನ್ನು ಒಡೆದವು. ಪಕ್ಕದ ಮನೆಯ ಯೆಹೂದಿ ದಂಪತಿಗಳೂ ಕ್ವೇಕರ್ ಪಂಥದ ಕೆಲವರೂ ಆ ಕುಟುಂಬದ ಬೆನ್ನಿಗೆ ನಿಂತರು. ರಾಜ್ಯ ಸರ್ಕಾರವು ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು. ಮೈಯರ್ಸ್ ಕುಟುಂಬ ಕಲ್ಲಿಗೆ ಹೆದರಿ ಓಡಿಹೋಗಲಿಲ್ಲ.

ಜೈನ ಆಚಾರಶಾಸ್ತ್ರವು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯಾಗಿ ನೋಡುತ್ತದೆ: ತಾನು ಮಾಡಿದುದು, ಪರರಿಂದ ಮಾಡಿಸಿದುದು, ಮಾಡಿದುದನ್ನು ಒಪ್ಪಿಕೊಂಡುದು. ಈ ದೃಷ್ಟಿಯಿಂದ ಲೆವಿಟೌನ್‌ನ ಬೀದಿಯನ್ನು ಪರಿಶೀಲಿಸಿದರೆ ದೋಷವು ಹೇಗೆ ಹಂಚಿಹೋಗಿದೆಯೆಂಬುದು ಕಾಣುತ್ತದೆ. ಕಲ್ಲೆಸೆದವರು ಕೃತದೋಷಕ್ಕೆ ಗುರಿಯಾದರು. ಅವರು ಅಲ್ಪಸಂಖ್ಯಾತರು, ಎಲ್ಲರ ಕಣ್ಣಿಗೂ ಬಿದ್ದವರು. ನಕ್ಷೆಗೆ ಕೆಂಪು ಬಳಿದ ಅಧಿಕಾರಿಯೂ, ಕರಾರು ಬರೆಸಿದ ಬಡಾವಣೆಯ ಒಡೆಯನೂ, ಸಾಲ ನಿರಾಕರಿಸಿದ ಬ್ಯಾಂಕಿನವನೂ ಕಾರಿತದೋಷಕ್ಕೆ ಗುರಿಯಾದರು. ಅವರ ಕೈಯಲ್ಲಿ ಕಲ್ಲಿರಲಿಲ್ಲ, ಲೇಖನಿಯಿತ್ತು; ಅವರು ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗುವ ಸಭ್ಯರೇ ಆಗಿದ್ದಿರಬಹುದು. ಪರದೆಯ ಹಿಂದೆ ನಿಂತು ಎಲ್ಲವನ್ನೂ ನೋಡಿ, ‘ಆ ಕುಟುಂಬ ಬೇರೆಲ್ಲಿಗಾದರೂ ಹೋಗಬಹುದಿತ್ತು’ ಎಂದುಕೊಂಡವರದು ಅನುಮೋದನೆ. ಸಂಖ್ಯೆಯಲ್ಲಿ ಇವರೇ ಅತ್ಯಧಿಕರು. ಹೊರಗಿನ ಕಾನೂನು ಮೊದಲನೆಯವರನ್ನು ಹಿಡಿಯಿತು. ಕಾಲಾಂತರದಲ್ಲಿ ಎರಡನೆಯವರನ್ನೂ ಮುಟ್ಟಿತು. ಮೂರನೆಯವರನ್ನು ಮುಟ್ಟಬಲ್ಲುದು ಅವರವರ ಅಂತಃಸಾಕ್ಷಿ ಒಂದೇ.

ಇಲ್ಲಿ ಇನ್ನೊಂದು ಸೂಕ್ಷ್ಮ ವಿಷಯವಿದೆ. ದ್ವೇಷವೇ ಇಲ್ಲದವರಿಂದಲೂ ಈ ಪ್ರತ್ಯೇಕತೆ ಹುಟ್ಟಬಲ್ಲುದೆಂದು ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಲ್ಲಿ ತೋರಿಸಿಕೊಟ್ಟನು. ಮುಂದೆ 2005ರಲ್ಲಿ ಅವನಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಚದುರಂಗದ ಮಣೆಯಂತಹ ಚೌಕಗಳಲ್ಲಿ ಎರಡು ಬಣ್ಣದ ಕಾಯಿಗಳನ್ನು ಮಿಶ್ರವಾಗಿ ಇಟ್ಟು, ‘ಸುತ್ತಲಿನ ನೆರೆಯವರಲ್ಲಿ ಮೂರರಲ್ಲೊಂದು ಪಾಲಾದರೂ ನನ್ನ ಬಣ್ಣದವರಿದ್ದರೆ ಸಾಕು’ ಎಂಬಷ್ಟು ಮೃದುವಾದ ಬಯಕೆಯನ್ನು ಪ್ರತಿಯೊಂದು ಕಾಯಿಗೂ ಕೊಟ್ಟು ಚಲಿಸಬಿಟ್ಟರೆ, ಕೆಲವು ಸುತ್ತುಗಳಲ್ಲಿಯೇ ಮಣೆಯು ಎರಡು ಬಣ್ಣದ ಪ್ರತ್ಯೇಕ ಗುಂಪುಗಳಾಗಿ ಒಡೆದುಹೋಗುತ್ತದೆ. ಹಾಗೆ ಒಡೆಯಬೇಕೆಂದು ಯಾವ ಕಾಯಿಯೂ ಬಯಸಿರಲಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಏಕೆ ಮುಂದಿಟ್ಟರೆಂಬುದು ಈ ಉದಾಹರಣೆಯಿಂದ ಮನವರಿಕೆಯಾಗುತ್ತದೆ. ಒಬ್ಬನ ಸಣ್ಣ ಅನುಕೂಲಾಪೇಕ್ಷೆಯು ಸಾವಿರ ಮನೆಗಳಲ್ಲಿ ಪುನರಾವರ್ತನೆಯಾದಾಗ ಒಂದು ಊರೇ ಮುಚ್ಚಿಹೋಗುತ್ತದೆ. ‘ತಾನು ಯಾರನ್ನೂ ದ್ವೇಷಿಸಲಿಲ್ಲ’ ಎಂಬ ಸಮಾಧಾನ ಅಲ್ಲಿ ಪೂರ್ಣ ಉತ್ತರವಾಗಲಾರದು.

ಪ್ರಮಾದದಿಂದ ಕೆಡುವುದು ಅಪ್ರಮಾದದಿಂದ ಉಳಿಯಬಲ್ಲುದೇ? ಇದಕ್ಕೆ ಉತ್ತರವನ್ನು ಪರ್ಸಿ ಜೂಲಿಯನ್‌ನ ಮನೆಗೆ ಬೆಂಕಿ ಇಟ್ಟ ಊರಾದ ಓಕ್ ಪಾರ್ಕೇ ಕೊಟ್ಟಿತು. ಆ ಊರಿಗೂ ಶಿಕಾಗೋ ನಗರದ ಆಸ್ಟಿನ್ ಎಂಬ ವಿಭಾಗಕ್ಕೂ ನಡುವೆ ಇರುವುದು ಒಂದು ರಸ್ತೆ ಮಾತ್ರ. 1960ರಲ್ಲಿ ಆಸ್ಟಿನ್‌ನಲ್ಲಿ ಬಹುತೇಕ ಬಿಳಿಯರೇ ಇದ್ದರು. ಒಂದೆರಡು ಕಪ್ಪು ಕುಟುಂಬಗಳು ಬಂದೊಡನೆ ಮನೆ ದಲ್ಲಾಳಿಗಳು ಬಾಗಿಲು ಬಾಗಿಲಿಗೆ ಹೋಗಿ, ‘ಬೆಲೆ ಬೀಳುವ ಮೊದಲು ಮಾರಿಬಿಡಿ’ ಎಂದು ಬಿಳಿಯರನ್ನು ಬೆದರಿಸಿ, ಅಗ್ಗಕ್ಕೆ ಕೊಂಡು, ಅದೇ ಮನೆಯನ್ನು ಕಪ್ಪು ಜನರಿಗೆ ದುಬಾರಿ ಬೆಲೆಗೆ ಮಾರಿದರು. ಇಪ್ಪತ್ತು ವರ್ಷಗಳೊಳಗೆ ಆಸ್ಟಿನ್‌ನ ಹೆಚ್ಚಿನ ಪಾಲು ನಿವಾಸಿಗಳು ಕಪ್ಪು ಜನಾಂಗದವರಾದರು. ಬಿಳಿಯರೊಡನೆ ಬಂಡವಾಳವೂ ಅಂಗಡಿಮುಂಗಟ್ಟುಗಳೂ ಹೊರಟುಹೋದವು. ಮಹಾನಗರದ ಆಡಳಿತ ದೂರದಲ್ಲಿತ್ತು, ಬೀದಿಯ ಬದಲಾವಣೆ ಅದರ ಕೈಗೆ ಸಿಗಲಿಲ್ಲ.

ರಸ್ತೆಯ ಈಚೆಯ ಓಕ್ ಪಾರ್ಕ್ ಇದನ್ನು ಕಣ್ಣಾರೆ ಕಂಡಿತು. ಓಡುವುದು ಒಂದು ದಾರಿ, ಬಾಗಿಲು ಹಾಕುವುದು ಇನ್ನೊಂದು ದಾರಿ; ಆ ಊರಿನ ಹಿರಿಯರು ಮೂರನೆಯದನ್ನು ಹಿಡಿದರು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದೇ ವಾರದಲ್ಲಿ ವಸತಿಯಲ್ಲಿ ಜನಾಂಗಭೇದ ಮಾಡಕೂಡದೆಂಬ ಕೇಂದ್ರ ಕಾನೂನು ಬಂದಿತು. ಮರುತಿಂಗಳಲ್ಲಿಯೇ ಓಕ್ ಪಾರ್ಕ್ ತನ್ನದೇ ಆದ ಅಂತಹ ಶಾಸನವನ್ನು ಅಂಗೀಕರಿಸಿತು. 1972ರಲ್ಲಿ ರಾಬರ್ಟಾ ರೇಮಂಡ್ ಎಂಬ ಮಹಿಳೆಯು ಅಲ್ಲಿ ಒಂದು ವಸತಿ ಕೇಂದ್ರವನ್ನು ಸ್ಥಾಪಿಸಿದಳು. ಬಾಡಿಗೆ ಮನೆ ಅರಸಿ ಬಂದವರಿಗೆ, ತಮ್ಮ ಬಣ್ಣದವರು ಹೆಚ್ಚಿಲ್ಲದ ಬೀದಿಗಳನ್ನೂ ನೋಡುವಂತೆ ಪ್ರೋತ್ಸಾಹಿಸುವುದು ಅದರ ಕೆಲಸ. ಎಪ್ಪತ್ತರ ದಶಕದಲ್ಲಿ ಮನೆಗಳ ಬೆಲೆ ಕುಸಿದರೆ ಒಡೆಯರ ನಷ್ಟ ತುಂಬಿಕೊಡುವ ಭರವಸೆಯ ಯೋಜನೆಯನ್ನೂ ರೂಪಿಸಲಾಯಿತು. ಓಡುವವರ ಭಯಕ್ಕೆ ಅದು ಮದ್ದು. 1975ರಲ್ಲಿ ಊರಿನ ಹೊಸ ಆಡಳಿತ ಭವನವನ್ನು ಆಸ್ಟಿನ್ ಗಡಿಗೆ ಸಮೀಪವಾದ ಪೂರ್ವ ಭಾಗದಲ್ಲಿಯೇ ಕಟ್ಟಿದರು. ಜನರು ಯಾವ ಅಂಚನ್ನು ಬಿಟ್ಟು ಓಡುವರೆಂಬ ಭೀತಿಯಿತ್ತೋ ಆ ಅಂಚಿಗೇ ಊರು ತನ್ನ ಮುಖವನ್ನು ತಿರುಗಿಸಿತು. ಇಂದು ಸುಮಾರು 54 ಸಾವಿರ ಜನರ ಆ ಊರಿನಲ್ಲಿ ಐದರಲ್ಲೊಂದು ಪಾಲಿಗೆ ಸಮೀಪದಷ್ಟು ಕಪ್ಪು ಜನಾಂಗದವರಿದ್ದಾರೆ. ಒಂದು ಶಾಲೆಗೆ ಪರ್ಸಿ ಜೂಲಿಯನ್‌ನ ಹೆಸರನ್ನೇ ಇಡಲಾಗಿದೆ.

ಈ ಚಿತ್ರದ ಮರುಬದಿಯನ್ನು ಮರೆಯುವುದು ಅನೇಕಾಂತದೃಷ್ಟಿಗೆ ಸಲ್ಲದು. ಬಣ್ಣವನ್ನು ಮರೆಯಬೇಕೆಂದವರೇ ಬಣ್ಣವನ್ನು ಎಣಿಸುತ್ತ ಕುಳಿತರೆಂಬ ಟೀಕೆ ಓಕ್ ಪಾರ್ಕಿನ ಮೇಲಿದೆ. ಕಪ್ಪು ಜನರು ಬೇಕಾದಷ್ಟು ಮಾತ್ರ ಇರಲಿ ಎಂಬ ಧ್ವನಿ ಅಲ್ಲಿ ಅಡಗಿದೆಯೆಂದು ಹೇಳುವವರಿಗೂ ತಮ್ಮ ನ್ಯಾಯವಿದೆ. ಅಲ್ಲಿನ ಮನೆಗಳ ಬೆಲೆಯೂ ತೆರಿಗೆಯೂ ಏರಿ, ಬಣ್ಣಕ್ಕೆ ತೆರೆದ ಬಾಗಿಲು ಬಡತನಕ್ಕೆ ಮುಚ್ಚಿಕೊಳ್ಳುವಂತಾಗಿದೆ. ಸೇಂಟ್ ಲೂಯಿಸ್ ನಗರದ ಉಪನಗರವಾದ ಫರ್ಗ್ಯುಸನ್‌ನ ಕಥೆ ಇನ್ನೂ ಕಠೋರವಾದುದು. 1990ರಲ್ಲಿ ಆ ಊರಿನ ನಿವಾಸಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಬಿಳಿಯರಿದ್ದರು; 2010ರ ಹೊತ್ತಿಗೆ ಮೂರರಲ್ಲಿ ಎರಡು ಪಾಲು ಕಪ್ಪು ಜನಾಂಗದವರು. ನಿವಾಸಿಗಳು ಬದಲಾದರು, ಅಧಿಕಾರ ಬದಲಾಗಲಿಲ್ಲ: 2014ರಲ್ಲಿ ಅಲ್ಲಿನ 53 ಪೊಲೀಸರಲ್ಲಿ ಕಪ್ಪು ಜನಾಂಗದವರು ಮೂವರೇ. ಆ ವರ್ಷದ ಆಗಸ್ಟ್ 9ರಂದು ಮೈಕೆಲ್ ಬ್ರೌನ್ ಎಂಬ ನಿರಾಯುಧ ತರುಣನು ಪೊಲೀಸನ ಗುಂಡಿಗೆ ಬಲಿಯಾದಾಗ ಆ ಪುಟ್ಟ ಊರು ಹೊತ್ತಿ ಉರಿಯಿತು. ಒಳಗೆ ಬರಗೊಟ್ಟು ಪಂಕ್ತಿಯಲ್ಲಿ ಕುಳ್ಳಿರಿಸದಿದ್ದರೆ ಅದು ಆತಿಥ್ಯವೂ ಅಲ್ಲ, ಸಹಬಾಳ್ವೆಯೂ ಅಲ್ಲ.

ಹೀಗೆ ನೋಡಿದರೆ ಮಹಾನಗರ ಒಳ್ಳೆಯದು, ಉಪನಗರ ಕೆಟ್ಟದು ಎಂದಾಗಲಿ, ಅದಕ್ಕೆ ವಿರುದ್ಧವಾಗಿಯಾಗಲಿ ತೀರ್ಪು ಕೊಡುವುದು ಸಾಧ್ಯವಿಲ್ಲ. ಮಹಾನಗರದ ವಿಸ್ತಾರವು ಎಲ್ಲರಿಗೂ ಎಡೆ ಕೊಡುತ್ತದೆ. ಆದರೆ ಅದೇ ವಿಸ್ತಾರವು ಪ್ರತಿಯೊಬ್ಬನಿಗೂ ತನ್ನವರಲ್ಲಿ ಅಡಗಿಕೊಳ್ಳಲು ಅವಕಾಶ ಕೊಡುತ್ತದೆ. ಉಪನಗರ ಚಿಕ್ಕದು, ಅಲ್ಲಿ ಒಂದು ಶಾಲೆ, ಒಂದು ಗ್ರಂಥಾಲಯ, ಒಂದು ಪುರಸಭೆ. ಆ ಚಿಕ್ಕತನವೇ ಅದನ್ನು ಕೋಟೆಯಾಗಿಸಬಲ್ಲುದು, ಆ ಚಿಕ್ಕತನವೇ ಅದನ್ನು ಕುಟುಂಬವಾಗಿಸಬಲ್ಲುದು. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪೂರ್ವಗ್ರಹವನ್ನು ಕುರಿತು ಬರೆಯುತ್ತ, ಭಿನ್ನರು ಹತ್ತಿರ ಬಂದಮಾತ್ರಕ್ಕೆ ಕಹಿ ಕರಗದೆಂದೂ, ಸಮಾನ ಸ್ಥಾನ, ಸಮಾನ ಗುರಿ, ಸಹಕಾರದ ದುಡಿಮೆ, ಹಿರಿಯರ ಬೆಂಬಲ ಇವು ಕೂಡಿದಾಗ ಕರಗುವುದೆಂದೂ ಪ್ರತಿಪಾದಿಸಿದನು. ಸಮಾಜವಿಜ್ಞಾನಿ ರಾಬರ್ಟ್ ಪಟ್ನಮ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೈವಿಧ್ಯ ಹೆಚ್ಚಿದಲ್ಲಿ ಮೊದಲಿಗೆ ಪರಸ್ಪರ ವಿಶ್ವಾಸ ಕುಗ್ಗಿ ಜನರು ಆಮೆಯಂತೆ ಚಿಪ್ಪಿನೊಳಗೆ ಸೇರಿಕೊಳ್ಳುವರೆಂದು ಒಪ್ಪಿಕೊಂಡನು. ಕಾಲಕ್ರಮದಲ್ಲಿ ಅದನ್ನು ಮೀರಿ ವಿಶಾಲವಾದ ‘ನಮ್ಮತನ’ವನ್ನು ಕಟ್ಟಬಹುದೆಂದೂ ಹೇಳಿದನು. ಸಹಬಾಳ್ವೆಯು ತಾನಾಗಿ ಬೆಳೆಯುವ ಹುಲ್ಲಲ್ಲ, ನೀರೆರೆದು ಸಾಕಬೇಕಾದ ಗಿಡವೆಂಬುದು ಇವರಿಬ್ಬರ ಮಾತಿನ ತಾತ್ಪರ್ಯ.

ಈ ಇತಿಹಾಸಕ್ಕೂ ಜೈನ ಸಮಾಜಕ್ಕೂ ಇರುವ ನಂಟು ಕಲ್ಪಿತವಾದುದಲ್ಲ. 1893ರಲ್ಲಿ ವೀರಚಂದ ಗಾಂಧಿಯವರು ಜೈನಧರ್ಮದ ಪ್ರತಿನಿಧಿಯಾಗಿ ಶಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಹೋದಾಗ ಅವರು ಅಲ್ಲಿ ಅತಿಥಿಗಳು. 1965ರ ವಲಸೆ ಕಾನೂನು ಏಷ್ಯಾದವರಿಗೆ ಬಾಗಿಲು ತೆರೆದ ಮೇಲೆ ಹೋದವರು ಅಲ್ಲಿಯ ನಿವಾಸಿಗಳಾದರು. ವೈದ್ಯರೂ ಎಂಜಿನಿಯರರೂ ಆಗಿದ್ದ ಅವರಲ್ಲಿ ಅನೇಕರು ಉಪನಗರಗಳಲ್ಲಿ ಮನೆಮಾಡಿದರು. ವೀರಚಂದರು ಹೋಗಿ ಸರಿಯಾಗಿ ನೂರು ವರ್ಷಗಳಾದಾಗ, 1993ರಲ್ಲಿ, ಶಿಕಾಗೋ ಬಳಿಯ ಬಾರ್ಟ್‌ಲೆಟ್ ಎಂಬ ಉಪನಗರದಲ್ಲಿ ಜಿನಮಂದಿರವು ತಲೆಯೆತ್ತಿತು. ಪಿಟ್ಸ್‌ಬರ್ಗ್ ಸಮೀಪದ ಮನ್ರೋವಿಲ್ ಎಂಬ ಉಪನಗರದಲ್ಲಿ ಜೈನರೂ ಹಿಂದೂಗಳೂ ಒಂದೇ ಸೂರಿನಡಿ ಪೂಜಿಸುವ ದೇವಾಲಯವಿದೆ. 2010ರ ಜನಗಣತಿಯ ಹೊತ್ತಿಗೆ ಆ ದೇಶದ ದೊಡ್ಡ ನಗರವಲಯಗಳಲ್ಲಿ ಏಷ್ಯಾದವರೂ, ಸ್ಪ್ಯಾನಿಷ್ ಮೂಲದವರೂ, ಕಪ್ಪು ಜನರೂ ಅರ್ಧಕ್ಕಿಂತ ಹೆಚ್ಚಾಗಿ ಉಪನಗರಗಳಲ್ಲಿಯೇ ಇದ್ದರು. ಜೈನ ಕುಟುಂಬಗಳು ಒಳಹೊಕ್ಕ ಆ ಬಾಗಿಲನ್ನು ತೆರೆದವರು ಯಾರು? ಕಲ್ಲಿನ ಮಳೆಯಲ್ಲಿಯೂ ಮನೆ ಬಿಡದ ಮೈಯರ್ಸ್ ದಂಪತಿಗಳಂತಹವರು. ಬಿಳಿಯರಲ್ಲದವರು ಇರಕೂಡದೆಂಬ ಆ ಹಳೆಯ ಕರಾರುಗಳು ಗುಜರಾತಿನ ವ್ಯಾಪಾರಿಯನ್ನೂ ಮೂಡಬಿದಿರೆಯ ಎಂಜಿನಿಯರನನ್ನೂ ಹೊರಗಿಡುತ್ತಿದ್ದವೆಂಬುದನ್ನು ಮರೆಯಲಾಗದು. ಇದು ತೀರಿಸಲೇಬೇಕಾದ ಋಣ.

ಆ ಋಣವನ್ನು ತೀರಿಸುವ ಸ್ಥಳ ಅಮೆರಿಕವಷ್ಟೇ ಅಲ್ಲ. ಅಹಮದಾಬಾದಿನ ಒಂದು ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವವೆಂದು ಮಾಡಿಕೊಂಡಿದ್ದ ಉಪವಿಧಿಯನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಎತ್ತಿಹಿಡಿಯಿತು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯ ಅದಕ್ಕೆ ಆಧಾರ. ಅಲ್ಪಸಂಖ್ಯಾತ ಸಮಾಜವೊಂದು ತನ್ನ ಆಚಾರವನ್ನು ಉಳಿಸಿಕೊಳ್ಳಲು ಒಟ್ಟಾಗಿ ಬಾಳಬಯಸುವುದನ್ನು ಬಲಿಷ್ಠ ಬಹುಸಂಖ್ಯಾತರು ದುರ್ಬಲರನ್ನು ಹೊರಗಟ್ಟುವುದರೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಬಸದಿಗೆ ನಡೆದು ಹೋಗುವಷ್ಟು ಸಮೀಪದಲ್ಲಿರಬೇಕು, ಸೂರ್ಯಾಸ್ತಕ್ಕೆ ಮುಂಚೆ ಉಣ್ಣುವ ಮಕ್ಕಳಿಗೆ ಅಂತಹದೇ ಜೊತೆ ಬೇಕು, ಮಾಂಸ ಬೇಯುವ ವಾಸನೆ ವ್ರತಿಗಳ ಮನೆಗೆ ಬರಬಾರದು ಎಂಬ ಬಯಕೆಗಳಲ್ಲಿ ದ್ವೇಷದ ಲೇಶವೂ ಇಲ್ಲದಿರಬಹುದು. ಆದರೆ ಕಾನೂನು ಬಿಟ್ಟುದೆಲ್ಲ ಧರ್ಮವಾಗುವುದಿಲ್ಲ. ದ್ವೇಷವಿಲ್ಲದೆಯೂ ಮಣೆ ಒಡೆಯುತ್ತದೆಂಬುದನ್ನು ಶೆಲ್ಲಿಂಗ್ ತೋರಿಸಿದ್ದಾನೆ.

ಇಲ್ಲಿ ಒಂದು ವಿವೇಕದ ಗೆರೆಯನ್ನು ಎಳೆಯಬಹುದು. ನಿಯಮವು ಆಚರಣೆಯನ್ನು ಕುರಿತಿದ್ದರೆ ಅದು ಸಂಯಮ. ಜನ್ಮವನ್ನು ಕುರಿತಿದ್ದರೆ ಅದು ಬಹಿಷ್ಕಾರ. ‘ಈ ಭೋಜನಶಾಲೆಯಲ್ಲಿ ಸಸ್ಯಾಹಾರ ಮಾತ್ರ’ ಎಂಬ ಸೂಚನೆ ಯಾರನ್ನೂ ಹೊರಗಿಡುವುದಿಲ್ಲ. ಕೈತೊಳೆದು ಬಂದು ಕುಳಿತವರೆಲ್ಲರಿಗೂ ಎಲೆ ಹಾಕುತ್ತದೆ. ಬಾಡಿಗೆಗೆ ಬಂದವನ ಹೆಸರು ಕೇಳಿದೊಡನೆ ‘ಮನೆ ಆಗಲೇ ಹೋಯಿತು’ ಎನ್ನುವ ಮಾತಾದರೋ ಅವನ ಅಡಿಗೆಯನ್ನು ವಿಚಾರಿಸುವುದೇ ಇಲ್ಲ. ಅವನ ಕುಲವನ್ನು ಮಾತ್ರ ವಿಚಾರಿಸುತ್ತದೆ. ಅಷ್ಟೇ ಅಲ್ಲದೆ ಅದು ಸುಳ್ಳು ಮಾತು. ಅಹಿಂಸಾವ್ರತವನ್ನು ಕಾಯುವ ನೆಪದಲ್ಲಿ ಸತ್ಯವ್ರತವು ಭಂಗವಾಗುತ್ತದೆ. ಆಚರಣೆಯ ನಿಯಮವೂ ಕೆಲವೊಮ್ಮೆ ಜನ್ಮದ ನಿಯಮಕ್ಕೆ ಮುಸುಕಾಗಬಲ್ಲುದು. ಅದನ್ನು ಪರೀಕ್ಷಿಸುವ ಬಗೆ ಸುಲಭ: ಶುದ್ಧ ಸಸ್ಯಾಹಾರಿಯಾದ ಅನ್ಯಮತೀಯನೋ ಅನ್ಯಜಾತಿಯವನೋ ಬಂದು ನಿಂತಾಗ ಬಾಗಿಲು ತೆರೆಯುವುದೇ? ತೆರೆಯದಿದ್ದರೆ ನಿಯಮವು ಅಡಿಗೆಮನೆಯದಾಗಿರಲಿಲ್ಲ, ಅಹಂಕಾರದ್ದಾಗಿತ್ತು.

ಬಸದಿಯ ಸಮಿತಿಗಳೂ ಧರ್ಮದತ್ತಿಗಳೂ ಈ ವಿಷಯದಲ್ಲಿ ಬಹಳಷ್ಟನ್ನು ಮಾಡಬಲ್ಲವು. ಅವುಗಳ ಅಧೀನದಲ್ಲಿ ಮಳಿಗೆಗಳಿವೆ, ವಸತಿಗೃಹಗಳಿವೆ, ವಿದ್ಯಾರ್ಥಿನಿಲಯಗಳಿವೆ, ಶಾಲೆಗಳಿವೆ. ಅವುಗಳ ನಿಯಮಾವಳಿಯನ್ನು ಒಮ್ಮೆ ತೆರೆದು, ಯಾವ ಕಲಮು ಆಚರಣೆಯನ್ನು ಕಾಯುತ್ತದೆ, ಯಾವುದು ಕೇವಲ ಕುಲವನ್ನು ಕಾಯುತ್ತದೆ ಎಂದು ಪರಿಶೀಲಿಸುವುದು ಒಂದು ಪ್ರತಿಕ್ರಮಣವೇ ಸರಿ. ಓಕ್ ಪಾರ್ಕಿನ ಹಿರಿಯರು ತಮ್ಮ ಆಡಳಿತ ಭವನವನ್ನು ಊರಿನ ಭೀತಿಯ ಅಂಚಿಗೆ ಕೊಂಡೊಯ್ದಂತೆ, ದತ್ತಿಯ ಔಷಧಾಲಯವೋ ವಾಚನಾಲಯವೋ ತನ್ನವರ ಬೀದಿಯ ಕೊನೆಯಲ್ಲಿ, ಇತರರ ಬೀದಿ ಆರಂಭವಾಗುವೆಡೆಯಲ್ಲಿ ಇರಬಹುದು. ಮೈಯರ್ಸ್ ಕುಟುಂಬದ ಪಕ್ಕದ ಮನೆಯವರಂತೆ, ಒಂಟಿಯಾಗಿ ಬಂದ ನೆರೆಯವನ ಬಾಗಿಲಿಗೆ ಮೊದಲ ದಿನವೇ ಒಬ್ಬ ಶ್ರಾವಕನು ಹೋಗಿ ನೀರು ಎಲ್ಲಿ ಬರುತ್ತದೆ, ಹಾಲು ಎಲ್ಲಿ ಸಿಗುತ್ತದೆ ಎಂದು ತಿಳಿಸಬಹುದು.

ಎಲ್ಲ ಜೀವಿಗಳಲ್ಲಿಯೂ ಆತ್ಮವನ್ನು ಕಾಣುವ, ಕಾಲಡಿಯ ಇರುವೆಗೂ ದಾರಿ ಬಿಡುವ ಧರ್ಮವಿದು. ಇರುವೆಗೆ ದಾರಿ ಬಿಟ್ಟ ಕಾಲು, ಮನೆ ಹುಡುಕಿಕೊಂಡು ಬಂದ ಮನುಷ್ಯನ ದಾರಿಗೆ ಅಡ್ಡವಾಗಿ ನಿಲ್ಲುವುದು ಹೇಗೆ? ಊರು ಮಹಾನಗರವೇ ಆಗಿರಲಿ, ಉಪನಗರವೇ ಆಗಿರಲಿ, ಪಕ್ಕದ ಮನೆ ಖಾಲಿಯಾದ ದಿನ ಈ ಪ್ರಶ್ನೆ ಬಂದೇ ಬರುತ್ತದೆ. ಅಂದು ಆ ಬೀದಿಯ ಪ್ರತಿಯೊಬ್ಬ ಗೃಹಸ್ಥನೂ ಕೊಡುವ ಉತ್ತರವೇ ಅವನ ಧರ್ಮದ ಅಳತೆ.